ಹೆಂಗಸರ ಡಬ್ಬಿಯ ಆಚೆ ಮಗ್ಗಲು

ತಪ್ಪು ಮೊದಲು ಕಂಡದ್ದು ಕನ್ನಡಿಯಲ್ಲಿ. ಅಹಮದಾಬಾದಿನಲ್ಲಿ ನಮ್ಮದೊಂದು ಹುಚ್ಚರ ಗುಂಪಿದೆ. ಹಳೆಯ ಕಾಲದ ರೈಲುಗಳ ಪುಟ್ಟ ಪುಟ್ಟ ಪ್ರಯಾಣಿಕರ ಡಬ್ಬಿಗಳನ್ನು ಕೂಡಿಸಿಡುವವರು, ಮಾಡುವವರು. ವರ್ಷಕ್ಕೊಮ್ಮೆ ಚಳಿಗಾಲದಲ್ಲಿ ಒಂದು ಹೌಸಿಂಗ್ ಸೊಸೈಟಿಯ ಹಾಲಿನಲ್ಲಿ ಉದ್ದದ ಮೇಜು ಹಾಕಿ, ಹಳಿ ಜೋಡಿಸಿ, ಎರಡು ದಿನ ಜನರಿಗೆ ತೋರಿಸುತ್ತೇವೆ. ಹಳಿಯ ಹಿಂದೆ ಉದ್ದಕ್ಕೂ ಕನ್ನಡಿ ನಿಲ್ಲಿಸುವುದು ನಮ್ಮ ಪದ್ಧತಿ. ಎದುರಿನ ಮಗ್ಗಲು ಕಣ್ಣಿಗೆ ನೇರವಾಗಿ, ಹಿಂದಿನ ಮಗ್ಗಲು ಕನ್ನಡಿಯಲ್ಲಿ. ಹೊಸ ಡಬ್ಬಿ ಯಾವುದೇ ಇರಲಿ, ಜನ ಬರುವ ಮೊದಲು ಆ ಕನ್ನಡಿಯ ಮುಂದೆ ಒಂದು ಸುತ್ತು ಹಾಯಲೇಬೇಕು. ಕೆಲಸ ಕದಿಯಲು ಅಲ್ಲಿ ಜಾಗವಿಲ್ಲ.

ಒಂಬತ್ತು ತಿಂಗಳು ಕೂತು ಮಾಡಿದ್ದ ನನ್ನ ಮೀಟರ್ ಗೇಜ್ ಡಬ್ಬಿ ಅಂದು ಮೊದಲ ಸಲ ಓಡಿತು. ಒಂದು ಗೇಣು ಉದ್ದ, ಎರಡು ಬೆರಳು ಅಗಲ. ಒಂದು ತುದಿಯಲ್ಲಿ ಗೋಡೆ ಹಾಕಿ ಬೇರ್ಪಡಿಸಿದ ಹೆಂಗಸರ ಭಾಗ. ಎದುರಿನಿಂದ ನೋಡಿದರೆ ಆ ಭಾಗ ಎಂಜಿನ್ನಿನ ಕಡೆಗಿತ್ತು. ಕನ್ನಡಿಯಲ್ಲಿ ನೋಡಿದರೆ ಗಾರ್ಡಿನ ಕಡೆಗಿತ್ತು. ನಾನು ಮಾಡಿದ್ದಿಷ್ಟೆ: ಒಂದು ಮಗ್ಗಲಿನ ನಕ್ಷೆ ಬರೆದು, ಅದನ್ನೇ ಎರಡು ಪ್ರತಿ ಕತ್ತರಿಸಿ, ಎರಡೂ ಕಡೆ ಅಂಟಿಸಿಬಿಟ್ಟಿದ್ದೆ. ಗುಂಪಿನ ಹಿರಿಯರನ್ನು ನಾವೆಲ್ಲ ಕಾಕಾ ಅನ್ನುತ್ತೇವೆ. ಬಟ್ಟೆ ಗಿರಣಿಯೊಂದರಲ್ಲಿ ಯಂತ್ರಗಳ ನಕ್ಷೆ ಬರೆಯುತ್ತಿದ್ದವರು. ನಿಮ್ಮ ಊರಿನಲ್ಲಿ ಒಂದೇ ಡಬ್ಬಿಗೆ ಎರಡು ತುದಿಗೂ ಹೆಂಗಸರ ಭಾಗ ಇತ್ತೇನು ಬೆನ್ ಎಂದು ಅವರು ಹಿಂದಿಯಲ್ಲಿ ಕೇಳಿದರು; ಬೆನ್ ಅಂದರೆ ಇಲ್ಲಿ ಅಕ್ಕ. ಹಾಲಿನಲ್ಲಿದ್ದ ಅಷ್ಟೂ ಗಂಡಸರು ನಕ್ಕರು. ನಗದೆ ಏನು ಮಾಡಿಯಾರು, ನಾನೇ ಆಗಿದ್ದರೂ ನಗುತ್ತಿದ್ದೆ. ಆದರೆ ನಗೆಗೀಡಾದವಳು ನಾನಾಗಿದ್ದೆನಲ್ಲ, ಅದಕ್ಕೇ ಮೈಯೆಲ್ಲ ಉರಿಯಿತು.

ನಾನು ವಿಮಾ ಕಚೇರಿಯವಳು. ವರ್ಗವಾಗಿ ವಡೋದರಕ್ಕೆ ಬಂದು ಹನ್ನೆರಡು ವರ್ಷವಾಯಿತು. ಗಂಡ ಮಕರಪುರದ ಒಂದು ಕಾರ್ಖಾನೆಯಲ್ಲಿ ಕೆಲಸ ಹಿಡಿದರು, ಮಂಜಲ್‌ಪುರದಲ್ಲಿ ಮನೆ ಮಾಡಿದೆವು, ಅತ್ತೆ ನಮ್ಮ ಜೊತೆಗೇ ಬಂದರು. ಮೊದಲ ಡಬ್ಬಿ ನನಗೆ ಸಿಕ್ಕಿದ್ದು ಅಹಮದಾಬಾದಿನ ನದಿಯ ಪಕ್ಕದ ರವಿವಾರದ ಸಂತೆಯಲ್ಲಿ, ಹಳೆಯ ನಲ್ಲಿ, ಒಡಕು ಫ್ಯಾನುಗಳ ನಡುವೆ. ಯಾವುದೋ ವಿದೇಶದ ರೈಲಿನ ಊಟದ ಡಬ್ಬಿ; ಗಾಲಿ ಇಲ್ಲ, ಒಳಗಿನ ಮೇಜುಗಳ ಮೇಲೆ ಉಗುರಿನ ಚೂರಿನಷ್ಟು ದೀಪಗಳು. ಎತ್ತಿಕೊಂಡವಳು ಮತ್ತೆ ಕೆಳಗಿಡಲಿಲ್ಲ. ಆಮೇಲೆ ಒಂದೊಂದಾಗಿ ಸೇರಿದವು: ವಡೋದರದ ಮಹಾರಾಜರ ಕಾಲದ ನ್ಯಾರೋ ಗೇಜ್ ಡಬ್ಬಿ, ಬೆತ್ತದ ಸೀಟಿನ ಒಂದು, ಅಂಚೆಯ ಒಂದು. ಗಾಲಿ ಇಲ್ಲದವಕ್ಕೆ ಗಂಡ ಕಾರ್ಖಾನೆಯ ಲೇಥಿನಲ್ಲಿ ಗಾಲಿ ಕಡೆದು ತಂದು, ಏನೂ ಹೇಳದೆ ಟಿ.ವಿ. ಮೇಲಿಡುತ್ತಿದ್ದರು. ಹನ್ನೊಂದು ಡಬ್ಬಿಗಳಾದವು. ನನಗೆ ಬೇಕಾದ ಹನ್ನೆರಡನೆಯದು ಮಾತ್ರ ಯಾರ ಹತ್ತಿರವೂ ಇರಲಿಲ್ಲ, ಯಾವ ಅಂಗಡಿಯಲ್ಲೂ ಇರಲಿಲ್ಲ, ಮಾಡಿದವರೂ ಇರಲಿಲ್ಲ.

ಅದು ಹೊಳೆಆಲೂರಿನಿಂದ ಗದಗಿಗೆ ನಮ್ಮನ್ನು ಕರೆದೊಯ್ಯುತ್ತಿದ್ದ ಡಬ್ಬಿ. ಅವ್ವ ವಾರಕ್ಕೆರಡು ದಿನ ಗದಗಿಗೆ ಹೋಗಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಿದ್ದಳು. ಶಾಲೆಗೆ ಹೋಗುವ ವಯಸ್ಸಾಗಿರದ ನನ್ನನ್ನು ಜೊತೆಗೆ ಕರೆದುಕೊಳ್ಳುತ್ತಿದ್ದಳು. ಮನೆಯಲ್ಲಿ ನಾವು ಹದಿಮೂರು ಜನ. ಅಲ್ಲಿ ಅವಳು ಎಲ್ಲರವಳು. ಆ ಹೆಂಗಸರ ಭಾಗದಲ್ಲಿ ಮಾತ್ರ ನನ್ನೊಬ್ಬಳವಳು. ಬಾಗಿಲ ಕಡೆಯ ಸೀಟುಗಳಲ್ಲಿ ಬುಟ್ಟಿಗಳು, ಗಂಟುಗಳು ತುಂಬಿರುತ್ತಿದ್ದವು. ನಾವು ಆಚೆ ಮಗ್ಗಲಿನ ಕೊನೆಯ ಕಿಟಕಿಗೆ ಕೂರುತ್ತಿದ್ದೆವು. ಆ ಕಿಟಕಿಯ ಅಡ್ಡ ಸರಳುಗಳಲ್ಲಿ ಕೆಳಗಿನಿಂದ ಎರಡನೆಯದು ಸಡಿಲವಿತ್ತು. ನಾನದನ್ನು ಅಂಗೈಯಲ್ಲಿ ಲಟ್ಟಣಿಗೆಯ ಹಾಗೆ ಉರುಳಿಸುತ್ತಿದ್ದೆ, ಕೈ ಸಿಗಿಸಿಕೊಂಡೀಯೆ ಎಂದು ಅವ್ವ ಗದರುತ್ತಿದ್ದಳು. ಗದಗ ಬರುವ ಮೊದಲು ಗಾಡಿ ಎಲ್ಲೋ ನಿಂತಾಗ ತಣ್ಣನೆಯ ನೀರು ಕುಡಿದ ನೆನಪಿದೆ. ಬಯಲಿನಲ್ಲಿ ಆ ನೀರು ಎಲ್ಲಿಂದ ಬರುತ್ತಿತ್ತೋ ನೆನಪಿಲ್ಲ. ನನಗೆ ಒಂಬತ್ತು ತುಂಬುವ ಮೊದಲೇ ಅವ್ವ ತೀರಿಕೊಂಡಳು. ಅವಳದು ಒಂದು ಫೋಟೋ ಇದೆ, ಯಾರದೋ ಮದುವೆಯದು, ಅದರಲ್ಲಿ ಅವಳು ಪಕ್ಕಕ್ಕೆ ನೋಡುತ್ತಿದ್ದಾಳೆ. ಹಾಗಾಗಿ ಆ ಡಬ್ಬಿ ನನಗೆ ಬೇಕಿತ್ತು. ಕಪಾಟಿನಲ್ಲಿ ಕೂತರೆ ಸಾಲದು, ಜನರೆದುರು ಹಳಿಯ ಮೇಲೆ ಓಡಬೇಕಿತ್ತು.

ಕಾಕಾ ನಕ್ಕು ಬಿಡಲಿಲ್ಲ, ಪಕ್ಕಕ್ಕೆ ಕೂರಿಸಿಕೊಂಡು ಕೇಳಿದರು. ಈ ಡಬ್ಬಿಯ ಆಚೆ ಮಗ್ಗಲನ್ನು ಹೊರಗಿನಿಂದ ಯಾವತ್ತಾದರೂ ನೋಡಿದ್ದೀರಾ? ನೋಡಿರಲಿಲ್ಲ. ನಮ್ಮೂರಿನ ಸ್ಟೇಷನ್ನಿಗೆ ಇದ್ದದ್ದು ಒಂದೇ ಪ್ಲಾಟ್‌ಫಾರ್ಮ್. ಗದಗಿನಲ್ಲೂ ಅದೇ ಮಗ್ಗಲಿಗೆ ಇಳಿಯುತ್ತಿದ್ದೆವು. ಆ ಗಾಡಿಯ ಡಬ್ಬಿಗಳು ಅದೇ ಸಾಲಿನಲ್ಲಿ ಹೋಗಿ ಬರುತ್ತಿದ್ದವು. ಎಂಜಿನ್ ತುದಿ ಬದಲಿಸುತ್ತಿತ್ತೇ ಹೊರತು ಡಬ್ಬಿಗಳು ತಿರುಗುತ್ತಿರಲಿಲ್ಲ. ವರ್ಷಗಟ್ಟಲೆ ಅದರ ಹೊಟ್ಟೆಯೊಳಗೆ ಕೂತು ಹೋದವಳಿಗೆ ಅದರ ಒಂದು ಮಗ್ಗಲು ಮಾತ್ರ ಗೊತ್ತಿತ್ತು. ಸರಿ, ಹೆಂಗಸರ ಭಾಗವನ್ನು ಸರಿಯಾದ ತುದಿಗೆ ಹಾಕಿ ಉಳಿದದ್ದನ್ನು ಅಂದಾಜಿನಿಂದ ಮುಗಿಸುತ್ತೇನೆ ಎಂದೆ. ಅವರು ತಲೆಯಾಡಿಸಿದರು. ಅವರ ನಿಯಮ ಗಟ್ಟಿ: ಫೋಟೋ ಬೇಕು, ಇಲ್ಲವೇ ಇಬ್ಬರು ಕಣ್ಣಾರೆ ಕಂಡವರು ಬೇಕು. ಆ ಇಬ್ಬರೂ ಪರಸ್ಪರ ಮಾತಾಡಿಕೊಳ್ಳದೆ ಒಂದೇ ಸಂಗತಿ ಹೇಳಬೇಕು. ಅಂದಾಜು ಮಾಡಿದ್ದು ಆಟಿಕೆ, ಅದು ಅವರ ಮೇಜಿನ ಮೇಲೆ ಓಡುವುದಿಲ್ಲ.

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ವಡೋದರಕ್ಕೆ ವಾಪಸು ಬರುವ ಗಾಡಿಯಲ್ಲಿ ಕಾಕಾ ಅವರಿಗೆ ಮನಸ್ಸಿನಲ್ಲೇ ಬೇಕಾದಷ್ಟು ಅಂದೆ. ಆಣಂದ ದಾಟುವಷ್ಟರಲ್ಲಿ ಸಿಟ್ಟು ಇಳಿದು ಹಟ ಕೂತಿತು. ಬರುವ ವರ್ಷ ಈ ಡಬ್ಬಿ ಇದೇ ಕನ್ನಡಿಯ ಮುಂದೆ ಓಡದಿದ್ದರೆ ಹನ್ನೊಂದನ್ನೂ ಯಾರಿಗಾದರೂ ಕೊಟ್ಟು ಕೈ ತೊಳೆದುಕೊಳ್ಳುತ್ತೇನೆ ಎಂದು ನನಗೆ ನಾನೇ ಆಣೆ ಮಾಡಿಕೊಂಡೆ.

ಆ ವರ್ಷವಿಡೀ ಹುಡುಕಿದೆ. ಗದಗ, ಬಾದಾಮಿ, ಬಾಗಲಕೋಟೆ ಎಂದು ಪರಿಚಯದವರಿಗೆಲ್ಲ ಫೋನು ಮಾಡಿದೆ. ಸಿಕ್ಕ ಫೋಟೋಗಳೆಲ್ಲ ಪ್ಲಾಟ್‌ಫಾರ್ಮಿನ ಕಡೆಯಿಂದ ತೆಗೆದವು: ಹಾರ ಹಾಕಿಸಿಕೊಂಡ ಸ್ಟೇಷನ್ ಮಾಸ್ತರರು, ಬೀಳ್ಕೊಡುವ ನೆಂಟರು, ಕಿಟಕಿಯಲ್ಲಿ ನವದಂಪತಿ. ಆಚೆ ಮಗ್ಗಲಿಗೆ ನಿಂತು ರೈಲಿನ ಫೋಟೋ ತೆಗೆಯುವ ದರ್ದು ಯಾರಿಗಿತ್ತು? ಆಚೆ ಇದ್ದದ್ದು ಜಾಲಿಕಂಟಿ, ಹೊಲ.

ಗೊತ್ತಿದ್ದ ಮಗ್ಗಲನ್ನಾದರೂ ಚೊಕ್ಕ ಮಾಡೋಣ ಎಂದು ಸೂರತ್ತಿಗೆ ಹೋದೆ. ಕತಾರ್‌ಗಾಮಿನಲ್ಲಿ ಸೀರೆಯ ಅಂಚಿಗೆ ಲೇಸರ್ ಯಂತ್ರದಿಂದ ಜಾಲರಿ ಕತ್ತರಿಸಿ ಕೊಡುವ ಒಬ್ಬರಿದ್ದಾರೆ. ಹೂಬಳ್ಳಿಯ ಬದಲು ಕಿಟಕಿ ಕತ್ತರಿಸಿ ಕೊಡಿ ಎಂದಾಗ ಮೊದಲು ಬಿದ್ದು ಬಿದ್ದು ನಕ್ಕರು, ಆಮೇಲೆ ತಾವೇ ಹುರುಪಾದರು. ಗಟ್ಟಿ ಕಾಗದದಲ್ಲಿ ಕೂದಲೆಳೆಯಂಥ ಸರಳುಗಳು ಬಂದವು. ಪ್ಲಾಟ್‌ಫಾರ್ಮಿನ ಕಡೆಯದೆಲ್ಲ ಮುಗಿಯಿತು. ಕೆಂಪು ಬಣ್ಣ, ಬಾಗಿಲ ಹಿಡಿ, ಗದಗ ಎಂದು ಬರೆದ ಉಗುರಿನಗಲದ ಫಲಕ. ಆಚೆ ಮಗ್ಗಲು ಮಾತ್ರ ಬಿಳಿ ಹಲಗೆಯಂತೆ ಬೋಳಾಗಿ ಉಳಿಯಿತು.

ಇನ್ನು ನನ್ನ ಅತ್ತೆಯ ಮಾತು. ಅವರಿಗೆ ನನ್ನ ಡಬ್ಬಿಗಳನ್ನು ಕಂಡರೆ ಆಗುತ್ತಿರಲಿಲ್ಲ. ರೈಲಿನ ಮಾತು ಬಂದರೆ ಎದ್ದು ಒಳಗೆ ಹೋಗುತ್ತಿದ್ದರು. ಊಟದ ಮೇಜಿನ ಮೇಲೆ ಅಂಟು, ಬಣ್ಣ ಹರಡಿಕೊಂಡಾಗಲೆಲ್ಲ, ವಯಸ್ಸು ಐವತ್ತಾದರೂ ಆಡುವ ಹುಚ್ಚು ಬಿಡಲಿಲ್ಲ ಎಂದು ಗೋಡೆಗೆ ಹೇಳುತ್ತಿದ್ದರು. ನಾನೂ ಸುಮ್ಮನಿರುವವಳಲ್ಲ, ಗೋಡೆಗೇ ಉತ್ತರ ಕೊಡುತ್ತಿದ್ದೆ. ಅವರ ತವರು ಗದಗಿನ ಹತ್ತಿರ, ಅವರ ತಂದೆ ರೈಲ್ವೆಯಲ್ಲಿದ್ದರು ಎಂದು ಮದುವೆಯ ಕಾಲಕ್ಕೆ ಹೇಳಿದ್ದರು. ನಾನು ಅದನ್ನು ಗುಮಾಸ್ತಿಕೆ ಎಂದು ತಿಳಿದುಕೊಂಡು ಬಿಟ್ಟಿದ್ದೆ. ಇಪ್ಪತ್ತಾರು ವರ್ಷ ಒಂದೇ ಸೂರಿನಡಿ ಇದ್ದೂ ಮತ್ತೇನೂ ಕೇಳಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಾಗೆ.

ದೀಪಾವಳಿ ಮುಗಿದ ಮೇಲೆ ಒಂದು ಬೆಳಿಗ್ಗೆ, ಮೇಜಿನ ಮೇಲೆ ಡಬ್ಬಿಯನ್ನು ಒಣಗಲು ಇಟ್ಟು ಚಹಾ ಸೋಸುತ್ತಿದ್ದೆ. ಅತ್ತೆ ಮೆಂತ್ಯಸೊಪ್ಪು ಬಿಡಿಸಲು ಬಂದು ಕೂತವರು ಫಲಕ ಓದಿದರು. ಬೆರಳಿನಿಂದ ಡಬ್ಬಿಯನ್ನು ಮೆಲ್ಲಗೆ ತಿರುಗಿಸಿದರು. ಸ್ವಲ್ಪ ಹೊತ್ತು ನೋಡಿ, ಗೋಡೆಗಲ್ಲ, ನನಗೇ ಕೇಳಿದರು:

“ನಮ್ಮ ಕಡಿ ಯಾಕ ಬೋಳ ಬಿಟ್ಟೀಯವಾ?”

ಸೋಸುತ್ತಿದ್ದ ಚಹಾ ಕಟ್ಟೆಯ ಮೇಲೆ ಚೆಲ್ಲಿತು. ನಿಮ್ಮ ಕಡೆ ಅಂದರೇನು ಎಂದು ಕೇಳಿದೆ. ಅವರು ಸೊಪ್ಪು ಬಿಡಿಸುತ್ತಲೇ ಹೇಳಿದರು. ಅವರ ತಂದೆ ಗೇಟ್‌ಮ್ಯಾನ್. ಗದಗಿಗೆ ಮೊದಲು, ಗಾಡಿ ಸಿಗ್ನಲ್ಲಿಗೆ ಕಾದು ನಿಲ್ಲುವ ಜಾಗದಲ್ಲಿ ಗೇಟು. ಗೇಟಿನ ಪಕ್ಕ ಒಂದೇ ಕೋಣೆಯ ಕ್ವಾರ್ಟರ್ಸು, ಹಳಿಯ ಆಚೆ ಮಗ್ಗಲಿಗೆ. ಹುಟ್ಟಿದಾಗಿನಿಂದ ಮದುವೆಯಾಗುವವರೆಗೆ ಅವರು ಅಲ್ಲಿಂದಲೇ ಆ ಗಾಡಿ ನೋಡಿದ್ದು. ಮದುವೆಯಾದ ಮನೆಯಲ್ಲಿ ಗೇಟ್‌ಮ್ಯಾನಿನ ಮಗಳು ಅನ್ನುವುದು ಬೇಡ, ರೈಲ್ವೆಯವರ ಮಗಳು ಅಂದರೆ ಸಾಕು ಎಂದು ಯಾರೋ ಹಿರಿಯರು ಅಂದರಂತೆ. ಅಂದಿನಿಂದ ಇವರು ಆ ಗೇಟಿನ ಮಾತನ್ನೇ ಎತ್ತಿರಲಿಲ್ಲ. ಕೇಳುತ್ತ ಕೇಳುತ್ತ ನನಗೆ ನಾಚಿಕೆಯಾಯಿತು. ಅವರು ಎದ್ದು ಒಳಗೆ ಹೋಗುತ್ತಿದ್ದದ್ದು ನನ್ನ ಹುಚ್ಚಿಗಲ್ಲ, ಆ ಮಾತಿಗೆ.

“ನಿಮ್ಮ ಕಡಿ ಬಣ್ಣಾ ಕೆಂಪ ಇದ್ದೀತು. ನಮ್ಮ ಕಡಿ ಸಂಜೀ ಬಿಸಲಿಗೆ ಬಿಳಚಿಕೊಂಡಿತ್ತು. ಮ್ಯಾಲ ಹತ್ತೂ ಏಣಿ ನಮ್ಮ ಕಡೀನs ಇತ್ತು,” ಎಂದರು. ಹೆಂಗಸರ ಭಾಗದ ಬಾಗಿಲಿಗೆ ಆ ಕಡೆಯಿಂದ ಹಲಗೆ ಜಡಿದಿತ್ತಂತೆ, ಕಕ್ಕಸಿನ ಕಿಟಕಿಗೆ ಗಾಜಿನ ಬದಲು ತಗಡು ಇತ್ತಂತೆ. ನಾನು ಹಾಲಿನ ಕೂಪನ್ನಿನ ಹಿಂದೆ ಬರೆದುಕೊಳ್ಳುತ್ತ ಹೋದೆ. ಬೇಸಿಗೆಯಲ್ಲಿ ಗಾಡಿ ನಿಂತಾಗ ಅವರ ಅವ್ವ ಕೊಡದಿಂದ ತಂಬಿಗೆಯಲ್ಲಿ ನೀರು ತುಂಬಿ ಕೊಡುತ್ತಿದ್ದರು, ಇವರು ಓಡಿಹೋಗಿ ಹೆಂಗಸರಿಗೆ ಕೊಡುತ್ತಿದ್ದರು. ಸರಳುಗಳ ನಡುವೆ ತಂಬಿಗೆ ಹಿಡಿಸುತ್ತಿರಲಿಲ್ಲ. ಕೊನೆಯ ಕಿಟಕಿಯಲ್ಲಿ ಮಾತ್ರ ಒಂದು ಸರಳಿನ ಒಂದು ತುದಿ ಬಿಚ್ಚಿಕೊಂಡಿತ್ತು, ಅದನ್ನು ಮೇಲೆತ್ತಿದರೆ ತಂಬಿಗೆ ಒಳಗೆ ಹೋಗುತ್ತಿತ್ತು.

ನನ್ನ ಬಾಯಿಗೆ ಬಂದ ಮಾತನ್ನು ಅಲ್ಲೇ ನುಂಗಿದೆ. ಯಾವ ತುದಿ ಎಂದು ಕೇಳಬೇಕು, ನನ್ನ ಅಂಗೈಯಲ್ಲಿ ಉರುಳುತ್ತಿದ್ದ ಸರಳಿನ ಕತೆ ಹೇಳಬೇಕು, ನೀರಿನ ಕತೆ ಹೇಳಬೇಕು. ಹೇಳಿದರೆ ಕಾಕಾ ಅವರ ನಿಯಮ ಮುರಿಯಿತು. ಕಂಡವರು ಇಬ್ಬರು ಬೇಕು, ಮಾತಾಡಿಕೊಂಡಿರಬಾರದು. ಆ ಇಬ್ಬರು ಇದೇ ಅಡಿಗೆಮನೆಯಲ್ಲಿ ಎದುರುಬದುರು ಕೂತಿದ್ದೆವು. ಅಹಮದಾಬಾದಿಗೆ ಬಂದು ಇದನ್ನೇ ಹೇಳುತ್ತೀರಾ ಎಂದಷ್ಟೇ ಕೇಳಿದೆ.

“ನನ್ನ ಸಾಕ್ಷಿ ಯಾರ ಕೇಳ್ತಾರ ಅಲ್ಲಿ?” ಎಂದರು ಅತ್ತೆ.

“ನಿಮ್ಮದ ಬೇಕಾಗೇದರಿ ಅತ್ತಿ. ನನ್ನೊಬ್ಬಾಕಿದು ನಡಿಯೂದಿಲ್ಲ,” ಎಂದೆ.

ಮುಂದಿನ ಎರಡು ತಿಂಗಳು ನಾನು ಬಾಯಿಗೆ ಬೀಗ ಹಾಕಿಕೊಂಡು ಬದುಕಿದೆ. ನನ್ನಂಥವಳಿಗೆ ಅದು ಸಣ್ಣ ಶಿಕ್ಷೆಯಲ್ಲ. ಅತ್ತೆ ಹೇಳಿದ ಏಣಿ, ಹಲಗೆ, ತಗಡು ಎಲ್ಲ ಮಾಡಿದೆ. ಕೆಂಪಿಗೆ ಬಿಳಿ ಬೆರೆಸಿ, ಒರೆಸಿ, ಮತ್ತೆ ಬೆರೆಸಿ, ಸಂಜೆ ಬಿಸಿಲಿಗೆ ಬೆಳ್ಳಗಾದ ಬಣ್ಣ ತಂದೆ. ಆ ಸರಳಿಗಾಗಿ ಮತ್ತೆ ಕತಾರ್‌ಗಾಮಿಗೆ ಹೋದೆ. ಒಂದು ಸರಳು ಸೊಟ್ಟಗಿರಲಿ ಎಂದರೆ ಲೇಸರಿನವರು ಸುತರಾಂ ಒಪ್ಪಲಿಲ್ಲ. ತಮ್ಮ ಯಂತ್ರದಿಂದ ಸೊಟ್ಟ ಸರಳು ಹೊರಗೆ ಹೋದರೆ ಹೆಸರು ಕೆಡುತ್ತದೆ ಎಂದರು. ಕಡೆಗೆ ಮೇಲಿನ ಮಹಡಿಯಲ್ಲಿ ವಜ್ರಕ್ಕೆ ಸಾಣೆ ಹಿಡಿಯುವ ತಮ್ಮ ಅಣ್ಣನನ್ನು ಕರೆದರು. ಅವರು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ಚಿಮಟಿಗೆಯಲ್ಲಿ ತಂತಿಯ ಎಳೆಯೊಂದನ್ನು ಹಿಡಿದು, ಯಾವ ತುದಿ ಬಿಚ್ಚಿರಬೇಕು ಎಂದು ಕೇಳಿದರು. ನಾನು ಕಣ್ಣು ಮುಚ್ಚಿ, ಆ ಸೀಟಿನಲ್ಲಿ ಕೂತು, ಅವ್ವನನ್ನು ಪಕ್ಕಕ್ಕೆ ಕೂರಿಸಿಕೊಂಡು, ಅಂಗೈ ಚಾಚಿದೆ. ಬಿಚ್ಚಿದ ತುದಿ ಯಾವುದೆಂದು ಕೈಗೇ ಗೊತ್ತಿತ್ತು. ಅದನ್ನು ತೋರಿಸಿದೆ, ಅವರು ಕೂರಿಸಿದರು. ಮನೆಗೆ ತಂದ ಮೇಲೆ ಡಬ್ಬಿಯನ್ನು ಅತ್ತೆಯ ಕಣ್ಣಿಗೆ ಬೀಳದಂತೆ ಸೀರೆಗಳ ಕೆಳಗೆ ಬಚ್ಚಿಟ್ಟೆ.

ಪ್ರದರ್ಶನದ ದಿನ ಅತ್ತೆ ಇಸ್ತ್ರಿ ಮಾಡಿದ ಇಳಕಲ್ಲು ಸೀರೆ ಉಟ್ಟು ಬಂದರು. ಹಾಲಿನಲ್ಲಿ ಎಲ್ಲರೂ ಅವರನ್ನು ‘ಬಾ’, ಅಂದರೆ ಗುಜರಾತಿಯಲ್ಲಿ ಅಮ್ಮ, ಎಂದು ಕರೆದು ಕುರ್ಚಿ ಕೊಟ್ಟರು. ಕಾಕಾ ಮಾತ್ರ ಹಲ್ಲು ಕಿಸಿಯಲಿಲ್ಲ. ಒಂದು ಗುರುತು ಇಬ್ಬರ ಬಾಯಲ್ಲೂ ಕೂಡಿದರೆ ಉಳಿದದ್ದನ್ನೂ ನಂಬುತ್ತೇನೆ ಎಂದು ಡಬ್ಬಿಗೆ ಕರವಸ್ತ್ರ ಮುಚ್ಚಿದರು. ನನ್ನನ್ನು ಒಂದು ಮೂಲೆಗೆ ಕರೆದು ಎರಡು ಪ್ರಶ್ನೆ ಕೇಳಿ, ಉತ್ತರ ಚೀಟಿಯಲ್ಲಿ ಬರೆಸಿಕೊಂಡರು. ಕೊನೆಯ ಕಿಟಕಿಯಲ್ಲಿ ವಿಶೇಷವೇನು? ಕೆಳಗಿನಿಂದ ಎರಡನೆಯ ಸರಳು ಸಡಿಲ. ಯಾವ ತುದಿ? ಎಡಗಡೆಯದು. ಆಮೇಲೆ ಅತ್ತೆಯ ಎದುರಿಗೆ ಕೂತು ನಿಧಾನವಾದ ಹಿಂದಿಯಲ್ಲಿ ಅದನ್ನೇ ಕೇಳಿದರು. ಅತ್ತೆಯ ಹಿಂದಿ ತರಕಾರಿ ಗಾಡಿಯವರ ಜೊತೆ ಕಲಿತದ್ದು. ಮಾತು ಸಾಲದೆ ಅವರು ಎದ್ದು ನಿಂತರು. ಎದುರಿಗೆ ಕಿಟಕಿ ಇದ್ದಂತೆ ತಲೆ ಎತ್ತಿ, ಹಿಮ್ಮಡಿ ಎತ್ತಿ, ಬಲಗೈಯಿಂದ ಸರಳನ್ನು ಮೇಲಕ್ಕೆ ತಳ್ಳಿ, ಎಡಗೈಯಿಂದ ಇಲ್ಲದ ತಂಬಿಗೆಯನ್ನು ಒಳಗೆ ಕೊಟ್ಟರು. ಎಪ್ಪತ್ತೈದರ ಹೆಂಗಸು ಆ ಕ್ಷಣ ಹತ್ತರ ಹುಡುಗಿಯಾಗಿದ್ದರು.

“ದಾಹಿನಾ,” ಎಂದರು, “ಬಲಗಡೀದು.”

ಯಾರೋ ಚೀಟಿ ಬಿಚ್ಚಿ ಓದಿದರು. ಇಲ್ಲಿ ಎಡಗಡೆ ಎಂದಿದೆ ಎಂಬ ಗುಜುಗುಜು ಎದ್ದಿತು. ಇಬ್ಬರಲ್ಲಿ ಒಬ್ಬರ ನೆನಪು ಸುಳ್ಳು, ನನ್ನದೇ ಇರಬೇಕು ಅನ್ನಿಸಿತು. ನಾಲ್ಕು ವರ್ಷದ ಕೂಸಿನ ಕೈಯನ್ನು ನಂಬಿಕೊಂಡು ಇಷ್ಟು ದೂರ ಬಂದೆನಲ್ಲ. ಅವ್ವ ಪಕ್ಕದಲ್ಲಿ ಕೂತಿದ್ದೂ ನಾನೇ ಕಟ್ಟಿಕೊಂಡ ಕತೆಯೋ ಏನೋ ಎಂದುಕೊಂಡೆ.

ಕಾಕಾ ಎದ್ದು ಬಂದು ನನ್ನೆದುರು ನಿಂತರು. ಎಡಗೈ ಎತ್ತಿ ಎಂದರು, ಎತ್ತಿದೆ. ಅವರು ತಮ್ಮ ಬಲಗೈ ಎತ್ತಿದರು. ಎರಡು ಕೈಗಳೂ ಒಂದೇ ಕಡೆ ಇದ್ದವು.

“ಬೆನ್ ಒಳಗೆ ಕೂತಿದ್ದರು,” ಎಂದು ಅವರು ಎಲ್ಲರಿಗೂ ಕೇಳುವಂತೆ ಗುಜರಾತಿಯಲ್ಲಿ ಹೇಳಿದರು, “‘ಬಾ’ ಹೊರಗೆ ನಿಂತಿದ್ದರು. ಇಬ್ಬರೂ ಎಡ ಅಂದಿದ್ದರೆ ನಾನು ನಂಬುತ್ತಿರಲಿಲ್ಲ.”

ಕಳೆದ ವರ್ಷ ಇದೇ ಎಡಬಲ ಮರೆತು ನಗೆಪಾಟಲಾದವಳು ಈ ವರ್ಷವೂ ಅದನ್ನೇ ಮರೆತು ನಿಂತಿದ್ದೆ. ಬುದ್ಧಿ ಬರುವುದಿದ್ದರೆ ಇಷ್ಟು ಹೊತ್ತಿಗೆ ಬರಬೇಕಿತ್ತು. ಕಾಕಾ ಕರವಸ್ತ್ರ ತೆಗೆದು, ಮಸೂರ ಹಿಡಿದು, ಆ ಸೊಟ್ಟ ಸರಳನ್ನು ನೋಡಿ, ಡಬ್ಬಿಯನ್ನು ತಮ್ಮ ಕೈಯಾರೆ ಹಳಿಯ ಮೇಲಿಟ್ಟರು. ಪ್ಲಾಟ್‌ಫಾರ್ಮಿನ ಕೆಂಪು ಮಗ್ಗಲು ಜನರ ಕಡೆಗಿತ್ತು. ಅದು ಹೊರಡುವ ಮೊದಲು ಅತ್ತೆ ನನ್ನ ಸೆರಗು ಜಗ್ಗಿದರು.

“ತಿರಿವಿ ಇಡವಾ. ನಮ್ಮ ಕಡಿ ಒಮ್ಮೆರ ಮಂದಿ ನೋಡ್ಲಿ.”

ತಿರುಗಿಸಿಟ್ಟೆ. ಬಿಸಿಲಿಗೆ ಬಿಳಚಿಕೊಂಡ ಮಗ್ಗಲು, ಏಣಿ, ಜಡಿದ ಹಲಗೆ, ಸೊಟ್ಟ ಸರಳು ಎಲ್ಲ ಜನರೆದುರು ಓಡಿದವು. ನಾನೂ ಅವ್ವನೂ ಹತ್ತುತ್ತಿದ್ದ ಬಾಗಿಲು ಹಿಂದೆ ಕನ್ನಡಿಯಲ್ಲಿ ಜೊತೆಗೇ ಓಡಿತು. ಹೆಂಗಸರ ಭಾಗ ಎರಡರಲ್ಲೂ ಒಂದೇ ತುದಿಗೆ ಇತ್ತು. ಕಣ್ಣು ತುಂಬಿ ಬಂದು ಎರಡನೆಯ ಸುತ್ತು ನನಗೆ ಸರಿಯಾಗಿ ಕಾಣಲಿಲ್ಲ.

ಬಾಯಿಯ ಬೀಗ ತೆಗೆಯುವ ಹೊತ್ತು ಬಂದಿತ್ತು. ಅತ್ತೆಯ ಪಕ್ಕ ಕೂತು ಎಲ್ಲವನ್ನೂ ಹೇಳಿದೆ: ಯಾವ ಕಿಟಕಿ, ಸರಳನ್ನು ಹೇಗೆ ಉರುಳಿಸುತ್ತಿದ್ದೆ, ಗದಗ ಬರುವ ಮೊದಲು ಎಲ್ಲಿಂದಲೋ ಬರುತ್ತಿದ್ದ ತಣ್ಣನೆಯ ನೀರು. ಅವರು ನನಗಾಗ ವಯಸ್ಸು ಎಷ್ಟು ಎಂದು ಕೇಳಿದರು. ತಮ್ಮ ಅಪ್ಪನ ನೌಕರಿ ಮುಗಿದದ್ದು ಯಾವಾಗ ಎಂದು ಬೆರಳು ಮಡಚಿ ಲೆಕ್ಕ ಹಾಕಿದರು. ನನ್ನ ಆ ಪ್ರಯಾಣಗಳ ಹೊತ್ತಿಗೆ ಅವರ ಅಪ್ಪ ಇನ್ನೂ ನೌಕರಿಯಲ್ಲಿದ್ದರು, ಅವರಿಗೆ ಮದುವೆಯಾಗಿ ಹನ್ನೆರಡು ವರ್ಷ, ಗೇಟಿನಲ್ಲಿ ನೀರು ಕೊಡಲು ಉಳಿದವರು ಒಬ್ಬರೇ.

“ನೀ ಕುಡದದ್ದು ನಮ್ಮವ್ವನ ಕೈ ನೀರು,” ಎಂದರು.

ಅತ್ತೆ ಚೀಲದಿಂದ ನೀರಿನ ಬಾಟಲಿ ತೆಗೆದು, ಮುಚ್ಚಳ ತಿರುವಿ, ತಾವು ಕುಡಿಯದೆ ಮೊದಲು ನನ್ನ ಕೈಗೆ ಕೊಟ್ಟರು. ಡಬ್ಬಿ ಮೂರನೆಯ ಸುತ್ತಿಗೆ ಬಂದಾಗ ನಾನು ಕುಡಿಯುತ್ತಿದ್ದೆ.